ಹಿಮ್ಮೇಳ ಕಲಿಯಬೇಕಾದ ಯಂತ್ರ

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಸೀರೆಯ ಅಂಚಿಗೂ ಸೆರಗಿಗೂ ಹೂವು ಬಳ್ಳಿ ಮೂಡಿಸುವುದು ಜಕಾರ್ಡ್. ಮಗ್ಗದ ತಲೆಯ ಮೇಲೆ ಕೂತ ಈ ಸಾಧನಕ್ಕೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ಒಂದರ ಹಿಂದೊಂದು ಬರುತ್ತಿರುತ್ತದೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಲಾಳಿ ಒಂದು ಸಲ ಆಚೆ ಹೋಗುವುದಕ್ಕೆ ಒಂದು ಕಾರ್ಡು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್ಲೇಸ್, ಸ್ವರ ಸ್ವರಗಳ ನಡುವಿನ ಸಂಬಂಧವನ್ನು ನಿಯಮಗಳಲ್ಲಿ ಹೇಳಲು ಬಂದರೆ ಅದು ಸಂಗೀತವನ್ನೂ ಕಟ್ಟೀತು ಎಂದು ಊಹಿಸಿದಳು. ಯಂತ್ರ ಕೊನೆಗೂ ಪೂರ್ತಿಯಾಗಲಿಲ್ಲ, ಊಹೆ ಮಾತ್ರ ನಿಜವಾಯಿತು. ಈಗ ಗಾಳಿಯಲ್ಲಿ ಕೈಯಾಡಿಸಿ ಸ್ವರ ಹೊರಡಿಸುವ, ಕಂಪ್ಯೂಟರಿನೊಳಗೆ ಕಟ್ಟಿದ ಲೋಕದಲ್ಲಿ ಕಛೇರಿ ನಡೆಸುವ ಪ್ರಯೋಗಗಳು ಜಗತ್ತಿನ ಹಲವು ಕಡೆ ನಡೆದಿವೆ. ಅವನ್ನು ನೋಡಿದವರು ಸಾಮಾನ್ಯವಾಗಿ ಬೆರಗಾಗುವುದು ಕೈ ಮುಟ್ಟದೆ ನಾದ ಬಂತಲ್ಲ ಎಂದು. ನಿಜವಾದ ಕಷ್ಟ ಅಲ್ಲಿಲ್ಲ. ಜಕಾರ್ಡಿನ ಕಾರ್ಡು ನೇಕಾರನ ಮನಸ್ಸು ಬದಲಾದದ್ದನ್ನು ಅರಿಯದು. ಮೊದಲೇ ಕೊರೆದದ್ದನ್ನು ಮಾಡಿ ಮುಗಿಸುತ್ತದೆ. ಸಂಗೀತದ ಯಂತ್ರಗಳಲ್ಲಿ ಬಹುಪಾಲು ಇಂದಿಗೂ ಅಷ್ಟೇ. ಕುಣಿಯುವವರ, ಹಾಡುವವರ ಹಿಂದೆ ಹೋಗುವುದನ್ನು ಯಂತ್ರಕ್ಕೆ ಕಲಿಸುವುದು ಹೇಗೆ ಎಂಬುದೇ ಪ್ರಶ್ನೆ. ಇದಕ್ಕೆ ಪಾಠ ಹೇಳುವ ಯೋಗ್ಯತೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಮೇಳಗಳಿಗೆ ಇದೆ ಎಂಬುದು ನನ್ನ ವಾದ.

ಮೊದಲು ಕೈಯ ಮಾತು. ರಷ್ಯಾದ ಲೆವ್ ತೆರ್ಮೆನ್ 1920ರ ಸುಮಾರಿಗೆ ಮಾಡಿದ ಥೆರೆಮಿನ್ ಎಂಬ ವಾದ್ಯವನ್ನು ಯಾರೂ ಮುಟ್ಟುವುದಿಲ್ಲ. ನೆಟ್ಟಗೆ ನಿಂತ ಒಂದು ಸರಳಿನ ಹತ್ತಿರಕ್ಕೆ ಬಲಗೈ ತಂದರೆ ಸ್ವರ ಏರುತ್ತದೆ, ದೂರ ಸರಿಸಿದರೆ ಇಳಿಯುತ್ತದೆ. ಇನ್ನೊಂದು ಬದಿಯ ಬಳೆಯಾಕಾರದ ಸರಳಿನ ಮೇಲೆ ಎಡಗೈ ಆಡಿಸಿದಂತೆ ದನಿ ಹೆಚ್ಚು ಕಡಿಮೆಯಾಗುತ್ತದೆ. ಹಾಲೆಂಡಿನ ಮಿಶೆಲ್ ವೈಸ್ವಿಜ್ 1984ರಲ್ಲಿ ಎರಡೂ ಕೈಗಳಿಗೆ ಕಟ್ಟಿಕೊಳ್ಳುವ ಸಾಧನ ಮಾಡಿಕೊಂಡು ಕಂಪ್ಯೂಟರಿನ ನಾದವನ್ನು ಅಂಗೈಗೆ ತಂದ. ಇಂಗ್ಲೆಂಡಿನ ಗಾಯಕಿ ಇಮೋಜನ್ ಹೀಪ್ ಅದೇ ಕೆಲಸಕ್ಕೆ ಕೈಗವಸು ಮಾಡಿಸಿಕೊಂಡಳು. 2010ರಲ್ಲಿ ಆಟದ ಸಾಮಾನಾಗಿ ಬಂದ ಕಿನೆಕ್ಟ್ ಕ್ಯಾಮೆರಾ ಇಡೀ ಮೈಯ ಚಲನೆಯನ್ನು ಓದಿತು. ಈಗ ಅಷ್ಟೂ ಬೇಡ. ಗೂಗಲ್‌ನ ಮೀಡಿಯಾಪೈಪ್ ಎಂಬ ಉಚಿತ ಸಾಫ್ಟ್‌ವೇರ್ ಸಾದಾ ಕ್ಯಾಮೆರಾದ ಚಿತ್ರದಿಂದಲೇ ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ. ಪ್ಯೂರ್ ಡೇಟಾ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಆ ಬಿಂದುಗಳ ಏರಿಳಿತವನ್ನು ನಾದಕ್ಕೆ ತಿರುಗಿಸುತ್ತದೆ. ಒಂದು ಲ್ಯಾಪ್‌ಟಾಪ್ ಇದ್ದರೆ ಬಾಗಲಕೋಟೆಯ ಕಾಲೇಜು ಹುಡುಗನೂ ವಾರದೊಳಗೆ ಮಾಡಬಹುದಾದ ಕೆಲಸ ಇದು. ಹಾಗೆ ನೋಡಿದರೆ ಎಲ್ಲಮ್ಮನ ಜೋಗತಿಯರ ಚೌಡಿಕೆ ಮಾಡುವುದೂ ಇದನ್ನೇ. ಎಡಗಂಕುಳಲ್ಲಿ ಅವುಚಿದ ಕೊಳಗದ ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ, ಅದರ ತುದಿ ಎಡಗೈಯಲ್ಲಿ. ಎಳೆದರೆ ಸ್ವರ ಮೇಲಕ್ಕೆ, ಸಡಿಲಿಸಿದರೆ ಕೆಳಕ್ಕೆ, ಬಲಗೈ ಮೀಟುತ್ತಿರುತ್ತದೆ. ಮನೆಗಳಿಲ್ಲ, ಮೆಟ್ಟಿಲುಗಳಿಲ್ಲ, ತೋಳಿನ ಬಿಗಿಯೇ ಸ್ವರ. ಮೈಯ ಚಲನೆಯಿಂದ ನಾದ ಹೊರಡಿಸುವುದು ಈ ನಾಡಿಗೆ ಹೊಸ ಸುದ್ದಿಯೇನಲ್ಲ.

ಹೊಸದಾಗಬೇಕಾದದ್ದು ಬೇರೆ ಇದೆ, ಅದು ಶ್ರೀಕೃಷ್ಣ ಪಾರಿಜಾತದಲ್ಲಿ ಕಾಣುತ್ತದೆ. ಅಪರಾಳ ತಮ್ಮಣ್ಣ ಬರೆದು, ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ ಈ ಸಣ್ಣಾಟ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವಂಥದು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಇದರಿಂದಲೇ ಮನೆಮಾತಾದವಳು. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಗೆ ಸಂದದ್ದಕ್ಕೆ ಸತ್ಯಭಾಮೆ ಮುನಿದಳು ಎಂಬುದಷ್ಟೇ ಕತೆ. ಕತೆ ಎಲ್ಲರಿಗೂ ಗೊತ್ತಿರುವುದರಿಂದ ಮಂದಿ ಕೂತು ನೋಡುವುದು ಆ ಮುನಿಸು ಎಷ್ಟು ಬಗೆಯಲ್ಲಿ ತಿರುಗುತ್ತದೆ ಎಂಬುದನ್ನು. ಹಾಗಾಗಿ ಪಾತ್ರಧಾರಿ ಒಂದು ಸಾಲನ್ನು ಎರಡು ಸಲ ಹಾಡಿಯಾಳು, ಮಂದಿ ಹುರುಪಿನಲ್ಲಿದ್ದರೆ ಐದು ಸಲ ಹಾಡಿಯಾಳು, ನಡುವೆ ಭಾಗವತನ ಜೊತೆ ಮಾತಿಗೂ ಇಳಿದಾಳು. ಇಷ್ಟೇ ಹೊತ್ತು ಎಂದು ಎಲ್ಲೂ ಬರೆದಿಟ್ಟಿಲ್ಲ. ಆದರೂ ಅವಳು ತಿರುಗಿ ಒಂದು ಹೆಜ್ಜೆ ಎತ್ತಿ ಇಟ್ಟಳೆಂದರೆ ತಬಲಾ ಅಲ್ಲಿಗೆ ಬಂದು ಮುಟ್ಟಿರುತ್ತದೆ, ಪೇಟಿ (ಹಾರ್ಮೋನಿಯಂ) ಮಾಸ್ತರರ ಬೆರಳು ಪಲ್ಲದ ಮೊದಲ ಸ್ವರದ ಮೇಲಿರುತ್ತದೆ, ಹಿಮ್ಮೇಳದವರು ಪಲ್ಲ ಎತ್ತಿಕೊಂಡಿರುತ್ತಾರೆ. ತಬಲಾದವರು ಕಾಯುವುದು ಬರೀ ಹಾಡನ್ನಲ್ಲ. ಹೆಗಲು ತುಸು ಏರಿದ್ದು, ಉಸಿರು ಎಳೆದದ್ದು, ಕಣ್ಣು ಮೇಳದ ಕಡೆ ಹೊರಳಿದ್ದು ಇವೆಲ್ಲ ಅವರಿಗೆ ಸೂಚನೆ. ಹೆಜ್ಜೆ ನೆಲಕ್ಕೆ ಬಿದ್ದ ಮೇಲೆ ಪೆಟ್ಟು ಕೊಟ್ಟರೆ ತಡವಾಯಿತು. ಬೀಳುವ ಮೊದಲೇ ಗೊತ್ತಾಗಿರಬೇಕು. ಮೊಹರಮ್ಮಿನ ಹೆಜ್ಜೆ ಮೇಳದಲ್ಲೂ ಕರಡಿ ಮಜಲಿನಲ್ಲೂ ಇದೇ ವಿದ್ಯೆ ಇದೆ.

ಕಂಪ್ಯೂಟರ್ ವಿಜ್ಞಾನಿಗಳು ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು 1984ರಲ್ಲಿ. ಅಮೆರಿಕದ ರೋಜರ್ ಡ್ಯಾನೆನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ವಾದಕರನ್ನು ಕೇಳುತ್ತ ಅವರ ವೇಗಕ್ಕೆ ತಕ್ಕಂತೆ ತಾನೂ ನುಡಿಸುವ ಪ್ರೋಗ್ರಾಮ್‌ಗಳನ್ನು ಅದೇ ವರ್ಷ ಮಂಡಿಸಿದರು. ಯಂತ್ರಕ್ಕೆ ಹಿಮ್ಮೇಳದ ಬುದ್ಧಿ ಕೊಡಲು ಹೊರಟ ಮೊದಲ ಹೆಜ್ಜೆಗಳಲ್ಲಿ ಇವು ಮುಖ್ಯವಾದವು. ಆದರೆ ಅವರಿಗೊಂದು ಅನುಕೂಲವಿತ್ತು. ಪಶ್ಚಿಮದ ಶಾಸ್ತ್ರೀಯ ಸಂಗೀತದಲ್ಲಿ ಪ್ರತಿ ಸ್ವರವೂ ಹಾಳೆಯ ಮೇಲೆ ಇರುತ್ತದೆ. ವಾದಕ ಈಗ ಎಲ್ಲಿದ್ದಾನೆ ಎಂದು ಆ ಹಾಳೆಯಲ್ಲಿ ಹುಡುಕಿದರೆ ಸಾಕು. ಸತ್ಯಭಾಮೆ ಹಾಳೆಯಲ್ಲಿಲ್ಲ. ಮುಂದಿನ ಸಾಲಿಗೆ ಹೋಗುತ್ತಾಳೋ ಹಿಂದಿನದಕ್ಕೇ ಮರಳುತ್ತಾಳೋ ಅವಳಿಗೇ ಆ ಕ್ಷಣದವರೆಗೆ ಗೊತ್ತಿರಲಿಕ್ಕಿಲ್ಲ. ಅಂದರೆ ನಮ್ಮ ಲೆಕ್ಕ ಅವರದಕ್ಕಿಂತ ಕಠಿಣ. ಇದನ್ನು ಬಿಡಿಸಿದವರು ಬೇರೆ ಎಲ್ಲವನ್ನೂ ಬಿಡಿಸಿಯಾರು.

ಯಂತ್ರಗಳು ಇಲ್ಲಿಯವರೆಗೆ ಸಾಗಿ ಬಂದ ದಾರಿ ಹೀಗೆ ಹಿಂಬಾಲಿಸುವುದರ ಉಲ್ಟಾ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ ಅದಕ್ಕೆ ಒಳ್ಳೆಯ ಸಾಕ್ಷಿ. ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಕುಣಿದ ಆಕೆ ಆಮೇಲೆ ಮುಂಬಯಿ ಸಿನಿಮಾಕ್ಕೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದಳು. ಅಲ್ಲಿ ಪರದೆಯ ಮೇಲೆ ತುಟಿ ಆಡಿಸಿದವಳು ಮುಮ್ತಾಜ್ ಶಾಂತಿ. ರಂಗದಲ್ಲಿ ಹಾಡುವವಳ ಮೈಯನ್ನು ವಾದ್ಯಗಳು ಹಿಂಬಾಲಿಸುತ್ತಿದ್ದವು. ಹಿನ್ನೆಲೆ ಗಾಯನ ಬಂದ ಮೇಲೆ ಧ್ವನಿಮುದ್ರಣ ಮೊದಲು, ಮೈ ಆಮೇಲೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಅದರ ಹಿಂದೆ ಬಂದ ತಂಬೂರಿ ಬೇಗನೆ ಸಂಗೀತಗಾರರ ಚೀಲ ಸೇರಿದವು, ಯಾಕೆಂದರೆ ಶ್ರುತಿ ಯಾರನ್ನೂ ಹಿಂಬಾಲಿಸಬೇಕಿಲ್ಲ. ತಾಳದ ಯಂತ್ರ ಮಾತ್ರ ಅಭ್ಯಾಸದ ಕೋಣೆಯಲ್ಲೇ ಉಳಿಯಿತು. ಕಛೇರಿಯಲ್ಲಿ ತಬಲಾದ ಜಾಗ ಅದಕ್ಕೆ ಸಿಗಲಿಲ್ಲ. ಮೆರವಣಿಗೆಯ ಡಿಜೆ ಈ ದಾರಿಯ ತುದಿ. ಕುಣಿಯುವವರು ದಣಿದರೂ ಅದು ಅದೇ ವೇಗದಲ್ಲಿ ಬಡಿಯುತ್ತಿರುತ್ತದೆ.

ಕಂಪ್ಯೂಟರಿನ ಲೋಕಗಳಲ್ಲಿ ನಡೆದ ಕಛೇರಿಗಳೂ ಇದಕ್ಕೆ ಹೊರತಲ್ಲ. 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಎಂಬ ಆಟದೊಳಗೆ ಅಮೆರಿಕದ ಟ್ರಾವಿಸ್ ಸ್ಕಾಟ್‌ನ ಕಾರ್ಯಕ್ರಮಕ್ಕೆ ಏಕಕಾಲಕ್ಕೆ 1.2 ಕೋಟಿಗೂ ಹೆಚ್ಚು ಮಂದಿ ಸೇರಿದ್ದರು. ಬಂದವರು ಹಾರಬಹುದಿತ್ತು, ಓಡಬಹುದಿತ್ತು. ಹಾಡು ಮಾತ್ರ ಮೊದಲೇ ತಯಾರಾದದ್ದು, ಅವರ ಒಂದು ಕುಣಿತಕ್ಕೂ ಅದು ಓಗೊಡಲಿಲ್ಲ. ದೊಡ್ಡ ಜಾತ್ರೆ ಹೌದು, ಮೇಳವಲ್ಲ. ಇನ್ನು ನಿಜವಾಗಿ ಕೂಡಿ ನುಡಿಸಲು ಹೊರಟರೆ ತಡವೇ ತೊಡಕು. ಗಾಳಿಯಲ್ಲಿ ಸದ್ದು ಹತ್ತು ಮಿಲಿಸೆಕೆಂಡಿಗೆ ಮೂರು ಮೀಟರಿಗಿಂತ ತುಸು ಹೆಚ್ಚು ದೂರ ಹೋಗುತ್ತದೆ. ರಂಗದ ಮೇಲೆ ಪಾತ್ರಧಾರಿಗೂ ತಬಲಾಕ್ಕೂ ನಡುವೆ ಇರುವುದು ಸುಮಾರು ಅಷ್ಟೇ. ತಡ ಇಪ್ಪತ್ತೈದು ಮೂವತ್ತು ಮಿಲಿಸೆಕೆಂಡು ದಾಟಿತೆಂದರೆ ಲಯ ಜಾರತೊಡಗುತ್ತದೆ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಸಾದಾ ಕ್ಯಾಮೆರಾಕ್ಕೆ ಎರಡು ಚಿತ್ರಗಳ ನಡುವೆಯೇ 33 ಮಿಲಿಸೆಕೆಂಡು ಕಳೆದಿರುತ್ತದೆ. ಜಮಖಂಡಿಯ ಹಾಡಿಗೆ ಸುಮಾರು 500 ಕಿಲೋಮೀಟರ್ ಆಚೆಯ ಬೆಂಗಳೂರಿನಿಂದ ತಬಲಾ ನುಡಿಸುವುದಾದರೆ ಬೆಳಕಿನ ತಂತಿಯೊಳಗೆ (ಆಪ್ಟಿಕಲ್ ಫೈಬರ್) ಒಂದು ಕಡೆಯ ಪ್ರಯಾಣ ಬರೀ ಎರಡೂವರೆ ಮಿಲಿಸೆಕೆಂಡು. ಉಳಿದ ತಡವೆಲ್ಲ ವೈಫೈಯದು, ನಡುವಿನ ಯಂತ್ರಗಳದು. ಹೆಜ್ಜೆ ಬೀಳುವ ಮೊದಲೇ ಅರಿಯುವ ತಬಲಾದವರ ವಿದ್ಯೆ ಇಲ್ಲಿ ಬೇಕಾಗುತ್ತದೆ. ಯಂತ್ರವೂ ಹೆಗಲನ್ನು ನೋಡಿ ಹೆಜ್ಜೆಯನ್ನು ಊಹಿಸಬಲ್ಲದಾದರೆ, ಆಗುವ ತಡವನ್ನು ಊಹೆಯೇ ನುಂಗಿಕೊಳ್ಳುತ್ತದೆ.

ಇದೆಲ್ಲ ಗಾರುಡಿ, ತಂತಿ ಒತ್ತಿ ಬೆರಳು ಜಡ್ಡುಗಟ್ಟದವನಿಗೆ ಸಂಗೀತ ಬರುವುದೆಂತು ಎಂಬ ಆಕ್ಷೇಪ ಇದ್ದೇ ಇದೆ. ಅದರಲ್ಲಿ ಅರ್ಧ ನಿಜವಿದೆ. ಕೈ ಬೀಸಿದಾಗಲೆಲ್ಲ ಇಂಪಾದದ್ದೇ ಬರುವಂತೆ ಕಟ್ಟಿದ ಯಂತ್ರ ಹತ್ತು ನಿಮಿಷಕ್ಕೆ ಬೇಸರ ತರಿಸುತ್ತದೆ, ತಪ್ಪಲು ಎಡೆಯಿಲ್ಲದ ಕಡೆ ಅಭ್ಯಾಸಕ್ಕೂ ಎಡೆಯಿಲ್ಲ. ಆದರೆ ಮುಟ್ಟದಿದ್ದರೆ ಸಾಧನೆ ಬೇಡ ಎಂಬುದು ಸುಳ್ಳು. ಥೆರೆಮಿನ್ನಿನಲ್ಲಿ ಬೆರಳಿಗೆ ಆಸರೆಯೇ ಇಲ್ಲದ್ದರಿಂದ ಅದು ಪಿಟೀಲಿಗಿಂತ ಕಷ್ಟ. ಕ್ಲಾರಾ ರಾಕ್‌ಮೋರ್ ಅದಕ್ಕೆಂದೇ ಬೆರಳುಗಳ ಪದ್ಧತಿಯೊಂದನ್ನು ಕಟ್ಟಿಕೊಂಡು ವರ್ಷಗಟ್ಟಲೆ ದುಡಿದದ್ದರಿಂದಲೇ ಆ ವಾದ್ಯಕ್ಕೆ ಮರ್ಯಾದೆ ಬಂತು. ಪರದೇಶದ ಯಂತ್ರ ನಮ್ಮ ಜನಪದಕ್ಕೆ ಯಾಕೆ ಎನ್ನುವವರು ಪೇಟಿಯ ಚರಿತ್ರೆ ನೆನೆಯಬೇಕು. ಯುರೋಪಿನಿಂದ ಬಂದ, ಮೀಂಡ್ ನುಡಿಸಲಾರದ ಈ ವಾದ್ಯವನ್ನು ಆಕಾಶವಾಣಿ 1940ರಿಂದ ಮೂರು ದಶಕ ಹೊರಗಿಟ್ಟಿತ್ತು. ಅಷ್ಟರೊಳಗೆ ನಾಟಕ ಕಂಪನಿಗಳು, ಸಣ್ಣಾಟದ ಮೇಳಗಳು ಅದನ್ನು ತಮ್ಮದಾಗಿಸಿಕೊಂಡಿದ್ದವು. ಇಂದು ಪೇಟಿಯಿಲ್ಲದ ಪಾರಿಜಾತವನ್ನು ಯಾರೂ ಕೇಳುವುದಿಲ್ಲ.

ಕಲಾವಿದರ ಹೊಟ್ಟೆಯ ಪ್ರಶ್ನೆ ಇದಕ್ಕಿಂತ ತೂಕದ್ದು. ಹಿಂಬಾಲಿಸಲು ಕಲಿತ ಯಂತ್ರ ನಾಳೆ ತಬಲಾದವರನ್ನೇ ಎಬ್ಬಿಸಿ ತಾನು ಕೂತೀತು ಎಂಬ ಭಯ ಸುಳ್ಳಲ್ಲ. ಮದುವೆ ಮನೆಗಳಲ್ಲಿ ಸ್ಪೀಕರು ಸನಾದಿಯನ್ನು ಎಬ್ಬಿಸಿದ್ದು ಎಲ್ಲರೂ ಕಂಡದ್ದೇ. ಆದರೆ ಒಂದು ವ್ಯತ್ಯಾಸವಿದೆ. ಸ್ಪೀಕರಿಗೆ ಹಾಡುವವರೇ ಬೇಡ, ಹಿಂಬಾಲಿಸುವ ಯಂತ್ರಕ್ಕೆ ಮುಂದೆ ನಡೆಯುವವರೊಬ್ಬರು ಬೇಕು. ಒಬ್ಬಳೇ ಉಳಿದ ಹಾಡುಗಾರ್ತಿಗೆ, ಮೇಳ ಕಟ್ಟಲು ಜನ ಸಿಗದ ಊರಿಗೆ, ಕಲಿಯುವ ಹುಡುಗಿಯ ಮನೆಯ ಅಭ್ಯಾಸಕ್ಕೆ ಅದು ಒದಗೀತು. ಅದಕ್ಕೆ ಕರಾರು ಇರಬೇಕು. ಯಾವ ಮೇಳದ ಆಟವನ್ನು ನೋಡಿ ಯಂತ್ರ ಕಲಿಯುತ್ತದೋ ಆ ಮೇಳದ ಹೆಸರು, ಒಪ್ಪಿಗೆ, ಸಂಭಾವನೆ ಮೂರೂ ಕಾಗದದಲ್ಲಿ ಮೊದಲೇ ಬರೆದಿರಬೇಕು. ಜನಪದ ಎಂದೊಡನೆ ಯಾರದೂ ಅಲ್ಲ, ಪುಕ್ಕಟೆ ಎಂದು ತಿಳಿಯುವ ಚಾಳಿ ವಿಶ್ವವಿದ್ಯಾಲಯಗಳಿಗೂ ಇದೆ, ಕಂಪನಿಗಳಿಗೂ ಇದೆ.

ಪ್ರಯೋಗಕ್ಕೆ ಬೇಕಾದ್ದೆಲ್ಲ ಹತ್ತಿರದಲ್ಲೇ ಇದೆ. ಕರ್ನಾಟಕ ಬಯಲಾಟ ಅಕಾಡೆಮಿ ಇರುವುದು ಬಾಗಲಕೋಟೆಯಲ್ಲಿ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇರುವುದೂ ಅಲ್ಲೇ. ಎರಡೂ ಕೂಡಿ ಒಂದು ಪಾರಿಜಾತ ಮೇಳವನ್ನು ಸರಿಯಾದ ಸಂಭಾವನೆ ಕೊಟ್ಟು ಕರೆಸಿ, ಇಡೀ ರಾತ್ರಿಯ ಆಟವನ್ನು ಪ್ರತಿ ವಾದ್ಯಕ್ಕೂ ಬೇರೆ ಮೈಕು ಇಟ್ಟು ದಾಖಲಿಸಲಿ. ಇಷ್ಟು ದಿನದ ದಾಖಲೆಗಳಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಸತ್ಯಭಾಮೆಯ ಮೇಲೇ ಇರುತ್ತದೆ. ಈ ಸಲ ಇನ್ನೊಂದು ಕ್ಯಾಮೆರಾವನ್ನು ತಬಲಾದವರ ಕಣ್ಣು ಎತ್ತ ಹೋಗುತ್ತದೆ ಎಂದು ನೋಡುವುದಕ್ಕೆ ಇಡಲಿ.