ಕಿರುಬೆರಳಿನ ಪಕ್ಕವಾದ್ಯ
ಬೇಲೂರಿಗೆ ಹೋದರೆ ಕುಣಿಯುವ ಮದನಿಕೆಯ ಶಿಲ್ಪವನ್ನಷ್ಟೇ ನೋಡಿ ಬರಬೇಡಿ. ಅವಳ ಕಾಲ ಬಳಿ ಪುಟ್ಟ ಮದ್ದಳೆಗಾರರಿದ್ದಾರೆ. ಸುಮಾರು 900 ವರ್ಷದಿಂದ ಅವಳಿಗೆ ಸಾಥ್ ಕೊಡುತ್ತಲೇ ಇದ್ದಾರೆ!

ಬೇಲೂರಿರುವ ಇದೇ ಹಾಸನ ಜಿಲ್ಲೆಯಲ್ಲಿ 1920ರಲ್ಲಿ ಹುಟ್ಟಿದವರು ವೈಣಿಕ ದೊರೆಸ್ವಾಮಿ ಅಯ್ಯಂಗಾರ್. ಅವರ ಧ್ವನಿಮುದ್ರಿಕೆ ಹಾಕಿ, ಕಿವಿಯಿಂದಲೇ ಬಲಗೈಯನ್ನು ಹಿಂಬಾಲಿಸಿ. ತೋರುಬೆರಳು, ನಡುಬೆರಳು ಮೃದುವಾಗಿ ಮೀಟುತ್ತವೆ. ಒಂದೊಂದು ಸ್ವರವೂ ಬಿಡಿಬಿಡಿ ಮಲ್ಲಿಗೆ. ಮೀಟಿದ ನಾದ ಆರುವ ತನಕ ಎಡಗೈ ಗಮಕ ಎಳೆಯುತ್ತದೆ, ಅವಸರವೇ ಇಲ್ಲ. ಇನ್ನು ಕಿರುಬೆರಳು? ಪಕ್ಕದ 3 ತಾಳದ ತಂತಿಗಳನ್ನು ಮೀಟುತ್ತಾ ಲಯ ಕಾಯುತ್ತದೆ. ಆ ಮದ್ದಳೆಗಾರರಂತೆ, ವೀಣೆಯೊಳಗೇ ಒಂದು ಪಕ್ಕವಾದ್ಯ!

ಅಮೆರಿಕದ ಜಾಝ್ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್, ಕೌಂಟ್ ಬೇಸಿಯ ತಂಡದಲ್ಲಿ 1937ರಿಂದ ಸುಮಾರು 50 ವರ್ಷ ನುಡಿಸಿದ್ದೂ ಹೀಗೇ. ಸೋಲೋಗೆ ಆಸೆಪಡದೆ, ಎಣಿಕೆಗೊಂದು ಮೀಟು.

ಮುಂದಿನ ವೀಣಾ ಕಛೇರಿಯಲ್ಲಿ ಕಿರುಬೆರಳಿಗೆ ಕಿವಿಗೊಡಿ.