ಸೆರಗಿನಿಂದ ಹಿಜಾಬಿನವರೆಗೆ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಪ್ರಸಿದ್ಧವಾಗಿದ್ದ ಊರು. ಕೈಯ ಬಳೆಗೆ ಇತಿಹಾಸವಿರುವಂತೆಯೇ ತಲೆಯ ಮೇಲಣ ವಸ್ತ್ರಕ್ಕೂ ಇತಿಹಾಸವುಂಟು.

ಈ ಬಯಲುಸೀಮೆಯ ಮುಸ್ಲಿಂ ಮನೆಗಳಲ್ಲಿ ಅಜ್ಜಿಯರು ಉಟ್ಟದ್ದು ಬಹುಮಟ್ಟಿಗೆ ಸೀರೆಯನ್ನೇ. ಆಜಾನಿನ ದನಿ ಕಿವಿಗೆ ಬಿದ್ದೊಡನೆ, ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಜಾರಿದ ಸೆರಗನ್ನು ನೆತ್ತಿಗೆಳೆದು ಅದರ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವುದೇ ಅವರ ಪಾಲಿಗೆ ಭಕ್ತಿಯೂ ಮರ್ಯಾದೆಯೂ ಆಗಿದ್ದಿತು. ತಾಯಂದಿರ ಕಾಲಕ್ಕೆ, ಪಟ್ಟಣದ ಸಂಪರ್ಕವೂ ಧಾರ್ಮಿಕ ಶಿಕ್ಷಣವೂ ಹೆಚ್ಚಿದಂತೆ, ಕರಿಯ ಬುರ್ಖಾ ವ್ಯಾಪಕವಾಯಿತು. ಮೊಮ್ಮಗಳಾದರೋ ಚೂಡಿದಾರದ ಮೇಲೆ ಬಣ್ಣದ ಹಿಜಾಬನ್ನು ಸುತ್ತಿ, ಗದ್ದದ ಕೆಳಗೆ ಪಿನ್ನು ಚುಚ್ಚಿ ಕಾಲೇಜಿಗೆ ಹೊರಟಳು. ತಲೆ ಮುಚ್ಚದೆ ಹೊರಟವರೂ ಉಂಟು.

ಕರ್ನಾಟಕ ಸರ್ಕಾರವು 2022ರ ಫೆಬ್ರವರಿ 5ರಂದು ಹೊರಡಿಸಿದ ಸಮವಸ್ತ್ರದ ಆದೇಶದಿಂದ ಹಿಜಾಬು ತರಗತಿಯ ಬಾಗಿಲಲ್ಲಿ ತಡೆಯಲ್ಪಟ್ಟಿತು; ಮಾರ್ಚ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆದೇಶವನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು.

ಸೆರಗಾಗಲಿ, ಬುರ್ಖಾ ಆಗಲಿ, ಹಿಜಾಬಾಗಲಿ, ಬರಿದಲೆಯೇ ಆಗಲಿ, ಆಯ್ದುಕೊಳ್ಳುವ ಅಧಿಕಾರ ಹೆಣ್ಣಿನದು. ಯಾವ ಕಾರಣಕ್ಕೂ ಆಕೆಯ ಓದು ನಿಲ್ಲದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.