ರೈಲು ನಿಲ್ಲಿಸಿದವರು, ರೈಲು ತಂದವರು

ಜಾರ್ಜ್ ಫರ್ನಾಂಡಿಸರು ಮಂಗಳೂರಿನವರು, 1930ರಲ್ಲಿ ಹುಟ್ಟಿದವರು. 1949ರಲ್ಲಿ ನಮ್ಮಲ್ಲಿ ಅನೇಕರಂತೆ ಬರಿಗೈಯಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ರಾತ್ರಿ ಕಳೆದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ'ಮೆಲ್ಲೊ ಅವರಿಗೆ ಗುರುವಾದರು.

ಗಿರಣಿಯವರು ಒಂದೇ ಸೂರಿನಡಿ ಸಿಕ್ಕುತ್ತಾರೆ. ಜಾರ್ಜರು ಕೂಡಿಸಿದ್ದು ಊರೆಲ್ಲ ಚದುರಿದ್ದ ಟ್ಯಾಕ್ಸಿಯವರನ್ನು, ಹೋಟೆಲಿನ ಹುಡುಗರನ್ನು, ನಗರಪಾಲಿಕೆಯ ಕೆಲಸಗಾರರನ್ನು. ಇದೇ ಕಷ್ಟದ ಕೆಲಸ. ಆದರೆ ಇವರು ಕೈ ಕಟ್ಟಿ ಕುಳಿತರೆ ಮಧ್ಯಾಹ್ನದೊಳಗೆ ನಗರಕ್ಕೆಲ್ಲ ಬಿಸಿ ತಟ್ಟುತ್ತದೆ. ಆ ಬಲದಿಂದಲೇ 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ, ಸೋಲಿಲ್ಲದವರೆಂದು ಹೆಸರಾಗಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು.

1974ರ ಮೇ 8ರಂದು ಅವರ ಮುಂದಾಳುತನದಲ್ಲಿ ರೈಲ್ವೆ ಮುಷ್ಕರ ಆರಂಭವಾಯಿತು. ಸಾವಿರಾರು ಜನ ಸೆರೆಗೆ ಹೋದರು, ಕೆಲಸ ಕಳೆದುಕೊಂಡರು. ಇಪ್ಪತ್ತು ದಿನಗಳಲ್ಲಿ ಬೇಡಿಕೆ ಈಡೇರದೆ ಮುಷ್ಕರ ಮುಗಿಯಿತು. ಆ ಮನೆಗಳ ಕಷ್ಟವನ್ನು ಮರೆತು ನಾಯಕರನ್ನಷ್ಟೇ ಹೊಗಳುವುದು ನಮಗೆ ಸರಿಕಾಣದು. ತುರ್ತುಪರಿಸ್ಥಿತಿಯಲ್ಲಿ ಅವರೂ ಸೆರೆಯಾದರು. 1977ರಲ್ಲಿ ಸೆರೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದು ಮಂತ್ರಿಯಾದರು. ಮುಂದೆ 1998ರಲ್ಲಿ ಭಾಜಪದ ಜೊತೆ ಸೇರಿ ರಕ್ಷಣಾ ಮಂತ್ರಿಯಾದಾಗ ಹಳೆಯ ಸಮಾಜವಾದಿ ಗೆಳೆಯರು ಹಲವರು ಮುನಿದರು. 2019ರಲ್ಲಿ ತೀರಿಕೊಂಡರು.

ರೈಲು ನಿಲ್ಲಿಸಿದ್ದ ಇದೇ ಜಾರ್ಜರು 1989ರಲ್ಲಿ ರೈಲ್ವೆ ಮಂತ್ರಿ! ಕೊಂಕಣ ರೈಲ್ವೆ ನಿಗಮ 1990ರಲ್ಲಿ ಸ್ಥಾಪನೆಯಾದದ್ದು ಅವರ ಒತ್ತಾಸೆಯಿಂದ. 1998ರಲ್ಲಿ ಹಾದಿ ಪೂರ್ತಿಯಾಯಿತು. ಅಲ್ಲಿಯವರೆಗೆ ಬಸ್ಸಿನಲ್ಲಿ ಘಟ್ಟ ಹತ್ತಿಳಿದು ಊರು ಸೇರುತ್ತಿದ್ದ ಉಡುಪಿ, ಮಂಗಳೂರು ಕಡೆಯವರು ಅಂದಿನಿಂದ ಮುಂಬಯಿಯಲ್ಲೇ ರೈಲು ಹತ್ತುತ್ತಿದ್ದಾರೆ.